ಬೆಂಗಳೂರಿನಲ್ಲಿ ಲೋಬೀಲಿಯಾ: ನವರಾತ್ರಿಗೆ ಬಿತ್ತಿ, ಸಂಕ್ರಾಂತಿಗೆ ಹೂ ನೋಡಿ

ಚಳಿ ಶುರುವಾಗುವ ಹೊತ್ತಿಗೆ ಓದುಗರಿಂದ ಮೂರು ಪ್ರಶ್ನೆ ತಪ್ಪದೆ ಬರುತ್ತವೆ. ಲೋಬೀಲಿಯಾ ಬೀಜ ಹಾಕಿದೆ, ಒಂದೂ ಹುಟ್ಟಲಿಲ್ಲ, ಯಾಕೆ? ನರ್ಸರಿಯಿಂದ ಮೈತುಂಬ ಹೂ ಬಿಟ್ಟಿದ್ದ ಗಿಡ ತಂದೆ, ಹತ್ತೇ ದಿನಕ್ಕೆ ಒಣಗಿಹೋಯಿತು, ಏನು ತಪ್ಪು ಮಾಡಿದೆ? ಅಸಲಿಗೆ ಇದು ಬೆಂಗಳೂರಿಗೆ ಬರುವ ಗಿಡವೇನಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಬಹಳ ಜನ ಎಡವುವುದು ತಿಂಗಳಿನ ಲೆಕ್ಕದಲ್ಲಿ. ಹೊರದೇಶದ ಬೀಜದ ಪೊಟ್ಟಣಗಳ ಮೇಲೆ ಫೆಬ್ರುವರಿ, ಮಾರ್ಚ್‌ನಲ್ಲಿ ಬಿತ್ತಿ, ಜೂನ್‌ನಿಂದ ಹೂ ಬರುತ್ತದೆ ಎಂದು ಬರೆದಿರುತ್ತದೆ. ಅದು ಇಂಗ್ಲೆಂಡಿನಂಥ ತಂಪು ದೇಶದ ಲೆಕ್ಕ. ನಮ್ಮಲ್ಲಿ ಫೆಬ್ರುವರಿಯಲ್ಲಿ ಬಿತ್ತಿದರೆ, ಸಸಿ ಇನ್ನೂ ಕೂಸಾಗಿರುವಾಗಲೇ ಏಪ್ರಿಲ್‌ನ 34 ಡಿಗ್ರಿ ಬಿಸಿಲು ಬಂದು ನಿಲ್ಲುತ್ತದೆ. ನಾನೂ ಮೊದಲ ವರ್ಷ ಪೊಟ್ಟಣ ನಂಬಿಯೇ ಬಿತ್ತಿದ್ದೆ. ಒಂದು ಹೂವೂ ಕಾಣಲಿಲ್ಲ.

ನಮ್ಮೂರಿಗೆ ಹೊಂದುವ ಲೆಕ್ಕ ಇದು. ನವರಾತ್ರಿಗೆ ಬಿತ್ತನೆ. ಕಡಲೆಕಾಯಿ ಪರಿಷೆ ಹೊತ್ತಿಗೆ ಕುಂಡಕ್ಕೆ ನಾಟಿ. ಸಂಕ್ರಾಂತಿಗೆ ಹೂ. ಶಿವರಾತ್ರಿ ಕಳೆದ ಮೇಲೆ ನೆರಳು. ಬಿತ್ತಿದ ದಿನದಿಂದ ಹೂ ಬರಲು ಹನ್ನೊಂದರಿಂದ ಹದಿನಾಲ್ಕು ವಾರ ಬೇಕು. ಹಾಗಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಿ ಮುಗಿಸಿ. ಡಿಸೆಂಬರ್‌ನಲ್ಲಿ ನೆನಪಾದರೆ ಬೀಜ ಬಿಡಿ, ಸಸಿಯನ್ನೇ ತನ್ನಿ. ಅದಕ್ಕೂ ಕೆಳಗೆ ದಾರಿ ಹೇಳಿದ್ದೇನೆ.

ಯಾವ ಲೋಬೀಲಿಯಾ?

ಈ ಹೆಸರಿನಲ್ಲಿ ನೂರಾರು ಜಾತಿಗಳಿವೆ. ಕುಂಡದಲ್ಲಿ ನೀಲಿ ಹೂ ಬಿಡುವ ಪುಟ್ಟ ಗಿಡ ಲೋಬೀಲಿಯಾ ಎರಿನಸ್. ತವರು ಆಫ್ರಿಕಾದ ದಕ್ಷಿಣ ಭಾಗ. ಹೆಸರು ಬಂದದ್ದು 16ನೇ ಶತಮಾನದ ಸಸ್ಯಶಾಸ್ತ್ರಜ್ಞ ಮಥಿಯಾಸ್ ಡಿ ಲೋಬೆಲ್ ಅವರಿಂದ. ಗಿಡ ಒಂದು ಗೇಣು ಎತ್ತರ ಬೆಳೆದರೆ ಹೆಚ್ಚು. ಒಂದು ಹೂವನ್ನು ಬೆರಳ ತುದಿಯಲ್ಲಿಟ್ಟು ನೋಡಿ. ಮೇಲೆ ಎರಡು ಸಣ್ಣ ಎಸಳು ಮೊಲದ ಕಿವಿಯ ಹಾಗೆ ನಿಂತಿರುತ್ತವೆ. ಕೆಳಗೆ ಮೂರು ಅಗಲ ಎಸಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ಹಲವು ತಳಿಗಳಲ್ಲಿ ನಡುವೆ ಬಿಳಿ ಚುಕ್ಕೆ. ಒಂಟಿ ಹೂ ಕಣ್ಣಿಗೆ ಬೀಳುವುದೇ ಇಲ್ಲ. ನೂರಾರು ಒಟ್ಟಿಗೆ ಅರಳಿದಾಗ ಕುಂಡದ ಅಂಚೇ ಮುಚ್ಚಿಹೋಗುತ್ತದೆ. ಶಂಖಪುಷ್ಪ ಬಿಟ್ಟರೆ ಅಂಥ ಅಚ್ಚ ನೀಲಿ ನಮ್ಮ ಕೈತೋಟಗಳಲ್ಲಿ ಅಪರೂಪ ಅಲ್ವಾ? ಅದಕ್ಕೇ ಇಷ್ಟು ಪಾಡು ಪಡುವುದು.

ಇದರಲ್ಲಿ ಎರಡು ಬಗೆ. ಒಂದು ಗುಪ್ಪೆಯಾಗಿ ಕೂರುವುದು, ಇನ್ನೊಂದು ಕುಂಡದ ಅಂಚಿನಿಂದ ಕೆಳಗೆ ಇಳಿಬೀಳುವುದು. ಬಾಲ್ಕನಿ ಕಂಬಿಗೆ ತೂಗುಹಾಕುವ ಕುಂಡಕ್ಕೆ ಇಳಿಬೀಳುವ ಬಗೆ ಚೆಂದ. ಸಫೈರ್ ಎಂಬ ಹಳೆಯ ತಳಿ ಅಂಥದ್ದು. ತಾರಸಿಯ ಕುಂಡ, ದಾರಿಯ ಅಂಚಿಗೆ ಗುಪ್ಪೆ ಬಗೆ ಸರಿ. ಕೇಂಬ್ರಿಡ್ಜ್ ಬ್ಲೂ ತಿಳಿ ನೀಲಿ. ಕ್ರಿಸ್ಟಲ್ ಪ್ಯಾಲೇಸ್ ಕಡು ನೀಲಿ, ಅದರ ಎಲೆಗೆ ಕಂಚಿನ ಛಾಯೆ ಇರುತ್ತದೆ. ಲಂಡನ್ನಿನಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಡದ ಮಾದರಿಯಲ್ಲೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಎದ್ದದ್ದು, ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ನನಗಂತೂ ಆ ತಳಿಯ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಮೊಬೈಲಿನಲ್ಲಿ ಹುಡುಕಿದಾಗ ಉದ್ದ ಕಡ್ಡಿಯ ತುಂಬ ಕೆಂಪು ಹೂ ಬಿಟ್ಟ ಲೋಬೀಲಿಯಾ ಚಿತ್ರವೂ ಬರುತ್ತದೆ. ಅದು ಅಮೆರಿಕದ ಕಾರ್ಡಿನಾಲಿಸ್ ಎಂಬ ಬೇರೆ ಜಾತಿ. ಈ ಲೇಖನ ಅದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಕುಲದ ಗಿಡವೊಂದಿದೆ, ಕಾಡು ಹೊಗೆಸೊಪ್ಪು ಎನ್ನುತ್ತಾರೆ. ಆಳೆತ್ತರ ಮೀರಿ ಬೆಳೆದು ಬಿಳಿ ಹೂ ಬಿಡುತ್ತದೆ. ಚಾರಣಕ್ಕೆ ಹೋದಾಗ ಕಂಡರೆ ನೋಡಿ ಸಂತೋಷಪಡಿ, ಕಿತ್ತು ತರಬೇಡಿ.

ಮೊದಲೇ ಒಂದು ಎಚ್ಚರಿಕೆ

ಲೋಬೀಲಿಯಾ ತಿನ್ನುವ ಹೂವಲ್ಲ. ಈ ಕುಲದ ಗಿಡಗಳಲ್ಲಿ ವಿಷದ ಅಂಶ ಇರುತ್ತದೆ, ಹೊಟ್ಟೆಗೆ ಹೋದರೆ ವಾಂತಿ, ತಲೆಸುತ್ತು ಬರಬಹುದು. ಈಗೀಗ ಊಟದ ತಟ್ಟೆ, ಕೇಕು ಅಲಂಕರಿಸಲು ಸಣ್ಣ ಹೂಗಳನ್ನು ಇಡುತ್ತಾರಲ್ಲ, ಅದಕ್ಕೆ ಇದನ್ನು ಬಳಸಲೇಬೇಡಿ. ಅಂಬೆಗಾಲಿಡುವ ಮಕ್ಕಳು, ಎಲೆ ಕಚ್ಚುವ ನಾಯಿ, ಬೆಕ್ಕು ಇರುವ ಮನೆಯಲ್ಲಿ ಕುಂಡವನ್ನು ಎತ್ತರದಲ್ಲಿ ತೂಗುಹಾಕಿ. ಕತ್ತರಿಸಿದಾಗ ಹಾಲಿನಂಥ ರಸ ಬರುತ್ತದೆ, ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ಏನೇನು ಬೇಕು

ಬೀಜದ ಒಂದು ಸಣ್ಣ ಪೊಟ್ಟಣ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಎರೆಹುಳು ಗೊಬ್ಬರ. ಕೆಂಪು ಮಣ್ಣು. ಒಂದೆರಡು ಹಿಡಿ ಸಣ್ಣ ಮರಳು. ಸಣ್ಣ ಕಣ್ಣಿನ ಜರಡಿ. ಮಂಜಿನಂತೆ ನೀರು ಹಾರಿಸುವ ಸ್ಪ್ರೇ ಬಾಟಲಿ. ಬಿತ್ತನೆಗೆ ದುಬಾರಿ ಟ್ರೇ ಬೇಡ. ಹೋಟೆಲಿನಿಂದ ಪಾರ್ಸೆಲ್ ಬರುವ ಪಾರದರ್ಶಕ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಸಾಕು. ತೊಳೆದು, ತಳಕ್ಕೆ ಕಾಯಿಸಿದ ಮೊಳೆಯಿಂದ ಎಂಟು ಹತ್ತು ತೂತು ಮಾಡಿ.

ಬೀಜ ಕೊಳ್ಳುವಾಗ ಪೊಟ್ಟಣದ ದಿನಾಂಕ ನೋಡಿ. ತಳಿಯ ಹೆಸರೇ ಇಲ್ಲದೆ, ಕಾಮನಬಿಲ್ಲಿನ ಎಲ್ಲ ಬಣ್ಣದ ಹೂ ಒಂದೇ ಗಿಡದಲ್ಲಿ ತೋರಿಸುವ ಪೊಟ್ಟಣಗಳನ್ನು ಮುಟ್ಟಬೇಡಿ. ಲೋಬೀಲಿಯಾ ನೀಲಿ, ನೇರಳೆ, ಬಿಳಿ, ಗುಲಾಬಿಯಲ್ಲಿ ಬರುತ್ತದೆ. ಹಳದಿಯಲ್ಲಿ ಬರುವುದಿಲ್ಲ.

ಹಂತ 1: ಬಿತ್ತನೆಯ ಮಣ್ಣು

ಕೋಕೋಪೀಟನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹಿಂಡಿ, ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ. ತೆಂಗಿನ ನಾರಿನಲ್ಲಿ ಉಪ್ಪಿರುತ್ತದೆ, ಎಳೆ ಬೇರಿಗೆ ಅದು ಆಗದು. ಹಿಂಡಿ ಜರಡಿ ಹಿಡಿದ ಕೋಕೋಪೀಟ್ ಮೂರು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು ಬೆರೆಸಿ. ಇದರ ಮೇಲೆ ಕುದಿಯುವ ನೀರು ಸುರಿದು, ಮುಚ್ಚಿ, ಪೂರ್ತಿ ಆರಲು ಬಿಡಿ. ಸಸಿ ಕೊಳೆಸುವ ಶಿಲೀಂಧ್ರ, ಅಂದರೆ ಬೂಷ್ಟು, ಬಹಳಷ್ಟು ಇದರಲ್ಲೇ ಕಡಿಮೆಯಾಗುತ್ತದೆ. ತೋಟದ ಮಣ್ಣನ್ನು ಬಿತ್ತನೆಗೆ ಬಳಸಬೇಡಿ.

ಡಬ್ಬಕ್ಕೆ ಎರಡು ಇಂಚು ತುಂಬಿಸಿ, ಅಂಗೈಯಿಂದ ಮೆಲ್ಲಗೆ ಸಮ ಮಾಡಿ. ಗುಂಡಿ, ದಿಬ್ಬ ಇರಬಾರದು. ಬೀಜ ಹಾಕುವ ಮೊದಲೇ ಮಣ್ಣು ಚೆನ್ನಾಗಿ ನೆನೆದಿರಬೇಕು.

ಹಂತ 2: ಬಿತ್ತನೆ

ಪೊಟ್ಟಣವನ್ನು ಫ್ಯಾನ್ ಆರಿಸಿ ಬಿಚ್ಚಿ. ಸುಮ್ನೆ ಹೇಳುತ್ತಿಲ್ಲ. ರಾಗಿ ಕಾಳಿನ ಪಕ್ಕದಲ್ಲಿಟ್ಟರೆ ಲೋಬೀಲಿಯಾ ಬೀಜ ಬರೀ ಧೂಳು. ಒಂದು ಗ್ರಾಮಿಗೆ ಮೂವತ್ತು ಸಾವಿರದ ಆಸುಪಾಸು ಬೀಜ ಹಿಡಿಯುತ್ತವೆ. ಒಂದು ಸೀನಿದರೆ ಆ ವರ್ಷದ ತೋಟವೇ ಹೋಯಿತು.

ನಮ್ಮ ಕಡೆ ದಂಟಿನ ಸೊಪ್ಪಿನ ಬೀಜಕ್ಕೆ ಮರಳು ಬೆರೆಸಿ ಎರಚುತ್ತಾರಲ್ಲ, ಇಲ್ಲೂ ಅದೇ ಉಪಾಯ. ಎರಡು ಚಮಚ ಒಣಗಿದ ಸಣ್ಣ ಮರಳಿಗೆ ಒಂದು ಚಿಟಿಕೆ ಬೀಜ ಬೆರೆಸಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ರಂಗೋಲಿ ಎಳೆ ಬಿಡುವ ಹಾಗೆ ಡಬ್ಬದ ಮೇಲೆ ಉದುರಿಸುತ್ತಾ ಹೋಗಿ. ಮರಳು ಬಿದ್ದ ಜಾಗ ಕಾಣುತ್ತದೆ, ಹಾಗಾಗಿ ಒಂದೇ ಕಡೆ ಗುಡ್ಡೆ ಆಗುವುದಿಲ್ಲ.

ಇನ್ನು ಅತಿ ಮುಖ್ಯವಾದ ಮಾತು. ಮೇಲೆ ಮಣ್ಣು ಮುಚ್ಚಬೇಡಿ. ಒಂದು ಚೂರೂ ಬೇಡ. ಈ ಬೀಜ ಮೊಳೆಯಲು ಬೆಳಕು ಬೇಕು. ಒಂದೂ ಹುಟ್ಟಲಿಲ್ಲ ಎಂದು ಬರೆದವರನ್ನು ತಿರುಗಿ ಕೇಳಿದಾಗ ಹೆಚ್ಚಿನವರು ಹೇಳಿದ್ದು ಇದನ್ನೇ: ಮೇಲೆ ಮಣ್ಣು ಹಾಕಿದ್ದೆ. ಅಭ್ಯಾಸಬಲ, ಕೈ ತಾನಾಗಿ ಮಣ್ಣಿಗೆ ಹೋಗುತ್ತದೆ. ತಡೆಯಿರಿ.

ಮೇಲಿಂದ ನೀರು ಸುರಿಯಬೇಡಿ, ಬೀಜವೆಲ್ಲ ಮೂಲೆಗೆ ತೇಲಿಹೋಗುತ್ತದೆ. ಅಗಲ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ಡಬ್ಬವನ್ನು ಅದರಲ್ಲಿ ಹತ್ತು ನಿಮಿಷ ಇಡಿ. ಮಣ್ಣು ಕೆಳಗಿನಿಂದ ನೀರು ಹೀರಿ ಮೇಲೆ ಕಪ್ಪಾಗುತ್ತದೆ. ಆಗ ಎತ್ತಿ, ಮುಚ್ಚಳ ಹಾಕಿ, ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ಮುಚ್ಚಿದ ಡಬ್ಬ ಬಿಸಿಲಿಗೆ ಬಿದ್ದರೆ ಒಳಗಿರುವುದು ಇಡ್ಲಿಯ ಹಾಗೆ ಬೆಂದುಹೋಗುತ್ತದೆ.

ನೀರಿನ ಬಗ್ಗೆಯೂ ಗಮನವಿರಲಿ. ಕಾವೇರಿ ನೀರು ಅಥವಾ ಮಳೆನೀರು ಒಳ್ಳೆಯದು. ನಮ್ಮ ಎಷ್ಟೋ ಬಡಾವಣೆಗಳ ಬೋರ್‌ವೆಲ್ ನೀರು ಗಡಸು, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಕ್ಟೋಬರ್‌ನಲ್ಲಿ ಹೇಗೂ ಮಳೆ ಇರುತ್ತದೆ, ಒಂದು ಬಕೆಟ್ ಹಿಡಿದಿಟ್ಟರೆ ಸಸಿಗಳಿಗೆ ವಾರಗಟ್ಟಲೆ ಸಾಕು.

ಹಂತ 3: ಪಾಚಿ ಎಂದು ಎಸೆಯಬೇಡಿ

ಎರಡರಿಂದ ಮೂರು ವಾರ ಕಾಯಬೇಕು. ದಿನಕ್ಕೊಮ್ಮೆ ಮುಚ್ಚಳ ತೆಗೆದು, ಒಳಗೆ ಕಟ್ಟಿದ ಹನಿ ಒರೆಸಿ, ಐದು ನಿಮಿಷ ಗಾಳಿಯಾಡಲು ಬಿಡಿ.

ಒಂದು ದಿನ ಮಣ್ಣಿನ ಮೇಲೆ ಮಳೆಗಾಲದ ಕಾಂಪೌಂಡ್ ಗೋಡೆಯ ಹಾಗೆ ತೆಳು ಹಸಿರು ಹಿಡಿದಿರುತ್ತದೆ. ಬೀಜ ಕೆಟ್ಟಿತು, ಪಾಚಿ ಬಂತು ಎಂದು ಡಬ್ಬವನ್ನೇ ಎಸೆದವರಿದ್ದಾರೆ. ಎಸೆಯುವ ಮೊದಲು ಮೊಬೈಲ್ ಟಾರ್ಚನ್ನು ಡಬ್ಬದ ಪಕ್ಕದಿಂದ, ಮಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಕ್ಯಾಮೆರಾ ಜೂಮ್ ಮಾಡಿ. ಗುಂಡುಸೂಜಿಯ ತಲೆಯನ್ನು ಎರಡಾಗಿ ಸೀಳಿದಂಥ ಎಲೆಗಳು, ಕೆಳಗೆ ಕೂದಲಿನಂಥ ಕಾಂಡ, ಆ ಕಾಂಡದ ನೆರಳು ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಪಾಚಿಗೆ ಕಾಂಡವೂ ಇಲ್ಲ, ನೆರಳೂ ಇಲ್ಲ.

ಮೊಳಕೆ ಕಂಡ ಮೇಲೆ ಮುಚ್ಚಳವನ್ನು ಮೊದಲು ಅರ್ಧ ತೆರೆಯಿರಿ, ಮೂರು ನಾಲ್ಕು ದಿನದಲ್ಲಿ ಪೂರ್ತಿ ತೆಗೆಯಿರಿ. ಬೆಳಗಿನ ಎಳೆ ಬಿಸಿಲು ಒಂದು ಗಂಟೆ ತೋರಿಸಿ.

ಇಲ್ಲಿ ಬರುವ ದೊಡ್ಡ ಕಷ್ಟ ಸಸಿ ಕೊಳೆ ರೋಗ. ಸಂಜೆ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗ್ಗೆ ಮಲಗಿರುತ್ತವೆ, ಬುಡ ದಾರದಷ್ಟು ಸಣ್ಣಗಾಗಿರುತ್ತದೆ. ಅಕ್ಟೋಬರ್‌ನ ಮೋಡ, ತೇವ, ನಿಂತ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಆ ಭಾಗವನ್ನು ಚಮಚದಿಂದ ಮಣ್ಣು ಸಮೇತ ತೆಗೆದು ಹಾಕಿ, ಡಬ್ಬವನ್ನು ಗಾಳಿಯಾಡುವ ಕಡೆ ಸರಿಸಿ, ಮೇಲ್ಮಣ್ಣು ಸ್ವಲ್ಪ ಒಣಗಲು ಬಿಡಿ. ತಡೆಯಲು ಟ್ರೈಕೋಡರ್ಮಾ ಬಳಸಬಹುದು. ಅದು ಕೆಟ್ಟ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರದ ಪುಡಿ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಕುದಿಯುವ ನೀರು ಹಾಕಿದ ಮಣ್ಣು ಪೂರ್ತಿ ಆರಿದ ಮೇಲೆ ಬೆರೆಸಿ, ಬಿಸಿಗೆ ಅದೂ ಸಾಯುತ್ತದೆ.

ಹಂತ 4: ಗುಂಪು ಗುಂಪಾಗಿ ಎತ್ತುವುದು

ಬಿತ್ತಿದ ಐದಾರು ವಾರಕ್ಕೆ ಸಸಿಗಳು ಒಂದು ಸೆಂಟಿಮೀಟರ್ ದಾಟಿ, ನಿಜವಾದ ಎಲೆ ಬಿಟ್ಟಿರುತ್ತವೆ. ಒಂದೊಂದೇ ಸಸಿ ಬಿಡಿಸಲು ಹೋಗಬೇಡಿ. ಅಷ್ಟು ಸಣ್ಣ ಬೇರು ಬಿಡಿಸುವಾಗಲೇ ಹರಿಯುತ್ತದೆ. ಐಸ್‌ಕ್ರೀಂ ಕಡ್ಡಿಯಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲದ ತುಂಡನ್ನು ಮಣ್ಣು ಸಮೇತ ಎತ್ತಿ. ಅದರಲ್ಲಿ ಐದಾರು ಸಸಿ ಇದ್ದರೂ ಪರವಾಗಿಲ್ಲ, ಅವೆಲ್ಲ ಸೇರಿ ಒಂದೇ ಗಿಡದ ಹಾಗೆ ಬೆಳೆಯುತ್ತವೆ. ಪೇಪರ್ ಕಪ್ ಅಥವಾ ಪ್ರೋಟ್ರೇಯ ಒಂದೊಂದು ಗುಳಿಗೆ ಒಂದೊಂದು ತುಂಡು ಇಡಿ. ಪ್ರೋಟ್ರೇ ಅಂದರೆ ತರಕಾರಿ ಸಸಿ ಬೆಳೆಸಲು ಬಳಸುವ ಗುಳಿಗಳ ಕಪ್ಪು ಟ್ರೇ.

ಹಂತ 5: ಕುಂಡಕ್ಕೆ ನಾಟಿ

ನವೆಂಬರ್ ಕೊನೆ, ಬಸವನಗುಡಿಯಲ್ಲಿ ಪರಿಷೆಯ ಸಡಗರ ಶುರುವಾಗುವ ಹೊತ್ತಿಗೆ, ಸಸಿ ಎರಡು ಇಂಚು ಆಗಿರುತ್ತದೆ. ಕುಂಡದ ಮಣ್ಣಿಗೆ ಕೋಕೋಪೀಟ್ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು. ಮೇಲೆ ಒಂದೆರಡು ಹಿಡಿ ಮರಳು. ಬರೀ ಕೆಂಪು ಮಣ್ಣು ಬಿಗಿದುಕೊಳ್ಳುತ್ತದೆ. ಬರೀ ಕೋಕೋಪೀಟ್ ಒಮ್ಮೆ ಒಣಗಿದರೆ ಮತ್ತೆ ನೀರು ಹಿಡಿಯುವುದಿಲ್ಲ. ಈ ಗಿಡದ ಬೇರು ಮೇಲ್ಪದರದಲ್ಲೇ ಹರಡುವುದರಿಂದ ಆಳಕ್ಕಿಂತ ಅಗಲದ ಕುಂಡ ಮುಖ್ಯ. ಹನ್ನೆರಡು ಇಂಚಿನ ಕುಂಡಕ್ಕೆ ಮೂರರಿಂದ ನಾಲ್ಕು ಗುಪ್ಪೆ. ನೆಲದಲ್ಲಾದರೆ ಗುಪ್ಪೆಯಿಂದ ಗುಪ್ಪೆಗೆ ಅರ್ಧ ಅಡಿ.

ನೆಟ್ಟು ವಾರವಾದ ಮೇಲೆ ಪ್ರತಿ ಕುಡಿಯ ತುದಿಯನ್ನು ಉಗುರಿನಿಂದ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಚಿವುಟದಿದ್ದರೆ ನಾಲ್ಕು ಉದ್ದ ಕಡ್ಡಿ, ಚಿವುಟಿದರೆ ತುಂಬಿದ ಗುಪ್ಪೆ.

ಬೀಜದ ರಗಳೆ ಬೇಡ, ಸಸಿಯನ್ನೇ ತರುತ್ತೇನೆ ಎನ್ನುವವರಿಗೆ

ಡಿಸೆಂಬರ್, ಜನವರಿಯಲ್ಲಿ ನಗರದ ನರ್ಸರಿಗಳಲ್ಲಿ ಪೆಟೂನಿಯಾ, ಪ್ಯಾನ್ಸಿ ಜೊತೆ ಲೋಬೀಲಿಯಾವನ್ನೂ ಕೇಳಿ ನೋಡಿ. ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಅಲ್ಲಿನ ಸಸಿ ಮಳಿಗೆಗಳನ್ನೂ ಒಂದು ಸುತ್ತು ನೋಡಿ. ಮೈತುಂಬ ಹೂ ಇರುವುದನ್ನು ಬಿಟ್ಟು, ಮೊಗ್ಗು ಜಾಸ್ತಿ ಇರುವುದನ್ನು ಆರಿಸಿ. ಗಿಡವನ್ನು ಬದಿಗೆ ಸರಿಸಿ ಬುಡದ ಎಲೆ ನೋಡಿ. ಅಲ್ಲಿ ಕಂದು, ಹಳದಿ ಜಾಸ್ತಿ ಇದ್ದರೆ ಬೇಡ.

ಹತ್ತು ದಿನಕ್ಕೆ ಒಣಗುವ ಗುಟ್ಟು ಇಲ್ಲಿದೆ. ಇಂಥ ಸಸಿಗಳನ್ನು ಹೆಚ್ಚಾಗಿ ಬರೀ ಕೋಕೋಪೀಟಿನಲ್ಲಿ ಬೆಳೆಸಿರುತ್ತಾರೆ. ನಾವು ಅದನ್ನು ಹಾಗೇ ಮಣ್ಣಿನ ಕುಂಡಕ್ಕೆ ಇಳಿಸಿ ನೀರು ಹಾಕುತ್ತೇವೆ. ಸುತ್ತಲ ಮಣ್ಣು ಒದ್ದೆಯಾಗುತ್ತದೆ, ನಡುವಿನ ಕೋಕೋಪೀಟಿನ ಗಡ್ಡೆ ಒಣಗಿಯೇ ಉಳಿಯುತ್ತದೆ. ಬೇರೆಲ್ಲ ಇರುವುದು ಆ ಗಡ್ಡೆಯೊಳಗೆ. ಹಾಗಾಗಿ ಮನೆಗೆ ತಂದ ಕೂಡಲೇ ಕವರ್ ಸಮೇತ ಬುಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ. ಎರಡು ದಿನ ನೆರಳಿನಲ್ಲಿಟ್ಟು ಆಮೇಲೆ ನೆಡಿ. ನೆಡುವಾಗ ಗಡ್ಡೆಯ ಹೊರಭಾಗವನ್ನು ಬೆರಳಿನಿಂದ ಸ್ವಲ್ಪ ಸಡಿಲಿಸಿ.

ಹಂತ 6: ದಿನದ ಆರೈಕೆ

ನೀರು. ಇದೊಂದರಲ್ಲಿ ಲೋಬೀಲಿಯಾ ರಿಯಾಯಿತಿ ಕೊಡುವುದಿಲ್ಲ. ಒಮ್ಮೆ ಪೂರ್ತಿ ಬಾಡಿದರೆ ಚೇತರಿಸಿಕೊಳ್ಳುವುದು ಕಷ್ಟ. ಬೆಳಗ್ಗೆ ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ನೀರು ಹಾಕಿ. ಡಿಸೆಂಬರ್‌ನಲ್ಲಿ ದೊಡ್ಡ ಕುಂಡಕ್ಕೆ ದಿನ ಬಿಟ್ಟು ದಿನ ಸಾಕಾಗಬಹುದು. ತೂಗುಹಾಕಿದ ಕುಂಡಕ್ಕೆ ಸುತ್ತಲಿಂದ ಗಾಳಿ ಬಡಿಯುವುದರಿಂದ ದಿನವೂ ಬೇಕು. ಕೆಳಗೆ ತಟ್ಟೆ ಇಟ್ಟಿದ್ದರೆ ನಿಂತ ನೀರು ಚೆಲ್ಲಿ, ಬೇರು ಕೊಳೆಯುತ್ತದೆ, ಸೊಳ್ಳೆಯೂ ಆಗುತ್ತದೆ. ಸಂಕ್ರಾಂತಿಗೆ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಹೇಳಿ ಹೋಗಿ. ನಾಲ್ಕು ದಿನ ಇದು ತಡೆಯುವುದಿಲ್ಲ.

ಬಿಸಿಲು. ಡಿಸೆಂಬರ್, ಜನವರಿಯಲ್ಲಿ ನಾಲ್ಕೈದು ಗಂಟೆ ಬೆಳಗಿನ ಬಿಸಿಲು. ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು. ಪಶ್ಚಿಮದ ಬಾಲ್ಕನಿಯಲ್ಲಿ ಮಧ್ಯಾಹ್ನದ ಗೋಡೆಯ ಕಾವು ಜಾಸ್ತಿ, ಕುಂಡವನ್ನು ಗೋಡೆಯಿಂದ ಎರಡು ಅಡಿ ದೂರ ಇಡಿ.

ಗೊಬ್ಬರ. ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ಗ್ರಾಂ 19:19:19. ಇದು ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ. ಯೂರಿಯಾ ಹಾಕಬೇಡಿ. ಎಲೆ ಸೊಂಪಾಗುತ್ತದೆ, ಹೂ ಬರುವುದಿಲ್ಲ.

ಕೀಟ. ಮಳೆ ಬಿದ್ದ ರಾತ್ರಿ ಬಸವನ ಹುಳು ಎಳೆ ಸಸಿಯನ್ನು ಬುಡಸಮೇತ ಮುಗಿಸುತ್ತದೆ. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೋಗಿ, ಕೈಗವಸು ಹಾಕಿ ಆರಿಸುವುದೇ ಸುಲಭ. ಕುಡಿಯಲ್ಲಿ ಹಸಿರು ಹೇನು ಕಂಡರೆ ಲೀಟರಿಗೆ ಐದು ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ. ಅಪಾರ್ಟ್‌ಮೆಂಟಿನವರಿಗೆ ಪಾರಿವಾಳದ ಕಾಟವೇ ಹೆಚ್ಚು, ಮೆತ್ತಗಿನ ಕುಂಡ ಕಂಡರೆ ಅದರಲ್ಲೇ ಕೂರುತ್ತವೆ. ಗಿಡ ತುಂಬಿಕೊಳ್ಳುವವರೆಗೆ ಮಣ್ಣಿನಲ್ಲಿ ಪೊರಕೆ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಿ.

ಹಂತ 7: ಮೊದಲ ಹೂ ಮುಗಿದ ಮೇಲೆ

ಜನವರಿ ಕೊನೆಗೆ ಹೂ ಕಡಿಮೆಯಾಗಿ ಗಿಡ ಕಡ್ಡಿ ಕಡ್ಡಿಯಾಗಿ ಕಾಣತೊಡಗುತ್ತದೆ. ಮುಗಿಯಿತು ಎಂದು ಕಿತ್ತು ಹಾಕಬೇಡಿ. ಒಣ ಹೂ ಒಂದೊಂದೇ ಕೀಳುವ ಅಗತ್ಯವೂ ಇಲ್ಲ. ಕತ್ತರಿ ತೆಗೆದುಕೊಂಡು ಇಡೀ ಗುಪ್ಪೆಯನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ, ತಲೆಗೂದಲು ಕತ್ತರಿಸಿದ ಹಾಗೆ, ಸಮವಾಗಿ ಕತ್ತರಿಸಿ. ನೀರು, ಒಂದು ಸಲ ಗೊಬ್ಬರ. ಮೂರ್ನಾಲ್ಕು ವಾರಕ್ಕೆ ಎರಡನೇ ಸಲ ಹೂ ಬರುತ್ತದೆ. ಎರಡು ಕುಂಡ ಇದ್ದರೆ ಒಂದನ್ನು ಈ ವಾರ, ಇನ್ನೊಂದನ್ನು ಹತ್ತು ದಿನ ಬಿಟ್ಟು ಕತ್ತರಿಸಿ. ಬಾಲ್ಕನಿ ಬರಿದಾಗಿ ಕಾಣುವುದಿಲ್ಲ.

ಹಂತ 8: ಶಿವರಾತ್ರಿಯಿಂದ ಯುಗಾದಿಗೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಎನ್ನುತ್ತಾರಲ್ಲ, ಲೋಬೀಲಿಯಾಕ್ಕೂ ಅಂದಿನಿಂದ ಇಳಿಗಾಲ. ಕುಂಡವನ್ನು ಬೆಳಗ್ಗೆ ಎರಡು ಗಂಟೆ ಮಾತ್ರ ಬಿಸಿಲು ಬೀಳುವ ಕಡೆ ಸರಿಸಿ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಮಾರ್ಚ್‌ನಲ್ಲಿ ಬೆಳಗ್ಗೆ, ಸಂಜೆ ಎರಡು ಹೊತ್ತು ನೀರು. ಹೀಗೆ ಮಾಡಿದರೆ ಕೆಲವು ವರ್ಷ ಯುಗಾದಿಯವರೆಗೂ ಅಲ್ಲೊಂದು ಇಲ್ಲೊಂದು ನೀಲಿ ಉಳಿದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಗಿಡ ಸಾಯುವುದು ನಿಮ್ಮ ತಪ್ಪಲ್ಲ. ನಮ್ಮಲ್ಲಿ ಇದು ಒಂದು ಚಳಿಗಾಲದ ಗಿಡ, ದಾಸವಾಳದ ಹಾಗೆ ವರ್ಷಾನುಗಟ್ಟಲೆ ಇರುವಂಥದ್ದಲ್ಲ.

ಬೀಜ ಬೇಕಿದ್ದವರು ಎರಡನೇ ಸಲದ ಹೂಗಳಲ್ಲಿ ಕೆಲವನ್ನು ಹಾಗೇ ಕಾಯಾಗಲು ಬಿಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಸಣ್ಣ ಪೇಪರ್ ಕವರ್ ಒಳಗೆ ತಲೆಕೆಳಗಾಗಿ ಹಿಡಿದು ಕತ್ತರಿಸಿ. ಎರಡು ದಿನ ಬಿಟ್ಟು ಕವರ್ ತಟ್ಟಿದರೆ ಮೂಲೆಯಲ್ಲಿ ಕಂದು ಧೂಳು ಕೂತಿರುತ್ತದೆ, ಅದೇ ಬೀಜ. ಹೈಬ್ರಿಡ್ ತಳಿಯದಾದರೆ ಮುಂದಿನ ಗಿಡ ತಾಯಿಯ ಹಾಗೇ ಇರುತ್ತದೆಂಬ ಖಾತ್ರಿ ಇಲ್ಲ. ಕವರ್ ಮೇಲೆ ತಳಿ, ತಿಂಗಳು ಬರೆದು, ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಕುಂಡದ ಮಣ್ಣನ್ನು ಏಪ್ರಿಲ್ ಬಿಸಿಲಿಗೆ ಗೋಣಿಚೀಲದ ಮೇಲೆ ಹರಡಿ ನಾಲ್ಕೈದು ದಿನ ಒಣಗಿಸಿ, ಚೀಲಕ್ಕೆ ತುಂಬಿಡಿ. ಸೆಪ್ಟೆಂಬರ್‌ನಲ್ಲಿ ಅದಕ್ಕೆ ಹೊಸ ಎರೆಹುಳು ಗೊಬ್ಬರ ಬೆರೆಸಿದರೆ ಅದೇ ಮಣ್ಣು ಮತ್ತೆ ನಾಟಿಗೆ ಆಗುತ್ತದೆ.